ಎಷ್ಟು ಹೋದವೆಂದು ಹೇಳದ ಸಾಹುಕಾರರು

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಗೇಮ್ ಕನ್ಸೋಲ್ ಮಾರುತ್ತಿದ್ದ ಸಾಹುಕಾರರು ಹೋದ ತಿಂಗಳು ತೀರಿಕೊಂಡರು. ಎಷ್ಟು ವಯಸ್ಸಾಗಿತ್ತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬದುಕಿದ್ದಾಗ ಕೇಳಿದರೆ ‘ನಡ್ಯಾಕತ್ತೈತಿ’ ಎನ್ನುತ್ತಿದ್ದರು. ಮಕ್ಕಳೆಷ್ಟು ಎಂದರೆ ‘ದೇವರು ಕೊಟ್ಟಷ್ಟು ಅದಾವು’. ಇದ್ದದ್ದು ಎರಡು, ಎಣಿಸಲಾರದಷ್ಟೇನೂ ಅಲ್ಲ. ಬಿಪಿ ಎಷ್ಟು ಬಂತು ಎಂದು ಕೇಳಿದರೆ ‘ಮೊದಲಿಗಿಂತ ಚಲೋ’ ಎನ್ನುತ್ತಿದ್ದರು. ಕೊನೆಗೆ ಆ ಬಿಪಿಯೇ ಅವರನ್ನು ಕರೆದುಕೊಂಡು ಹೋಯಿತು.

ನನಗೆ ಅವರ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಆದರೆ ಅವರು ಇದ್ದಾಗ ಸಿಟ್ಟು ಮಾಡಿಕೊಳ್ಳೋಣವೆಂದರೆ ನನಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಾದದ್ದು ಅವರು ತೀರಿಕೊಂಡ ಮೇಲೆ ಮನೆಯವರನ್ನು ಮಾತಾಡಿಸಿ ಬರಲು ಹೋದ ದಿನ. ಅದನ್ನು ಆಮೇಲೆ ಹೇಳುತ್ತೇನೆ.

ಆಳು ನೋಡಲು ಚಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಒಂದು ಪೆನ್ಸಿಲ್. ಆ ಪೆನ್ಸಿಲಿನಿಂದ ಅವರು ಒಂದು ಅಂಕಿ ಬರೆದದ್ದನ್ನೂ ನಾನು ಕಾಣೆ. ಬೆನ್ನು ಕೆರೆದುಕೊಳ್ಳಲು ಬಳಸುತ್ತಿದ್ದರು. ಮೊದಲು ಫ್ಯಾನು, ಮಿಕ್ಸರು, ಟಿವಿ ಮಾರುತ್ತಿದ್ದವರು. ಒಂದು ವರ್ಷ ಕಂಪನಿಯ ಏಜೆಂಟನೊಬ್ಬ ಕುತ್ತಿಗೆಗೆ ಟೈ ಬಿಗಿದುಕೊಂಡು ಬಂದು, ಟಿವಿಗೆ ಜೋಡಿಸಿ ಆಡುವ ಬಿಳಿ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿಗೆ ನೀವೊಬ್ಬರೇ ಡೀಲರು ಎಂದ. ಒಬ್ಬರೇ ಎಂಬ ಮಾತಿಗೆ ಸಾಹುಕಾರರು ಬಿದ್ದರು. ಕಾಲುವೆ ನೀರಿನ ಊರು, ಎರಡು ಬೆಳೆ ಭತ್ತ, ಜನರ ಕೈಯಲ್ಲಿ ದುಡ್ಡಾಡುತ್ತದೆ, ಡಬ್ಬಿ ತಾನಾಗಿ ಹೋಗುತ್ತದೆ ಎಂದು ಅವರ ಅಂದಾಜು. ಡಬ್ಬಿ ಎನ್ನುವುದು ನಮ್ಮ ಕಡೆ ಆ ಯಂತ್ರಕ್ಕೆ ಬಿದ್ದ ಹೆಸರು.

ಶುರುವಿನಲ್ಲಿ ಅವರೂ ಎಣಿಸಿ ಹೇಳುತ್ತಿದ್ದರು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅಂಗಡಿಯ ಮುಂದೆ ಒಂದು ಕರಿ ಹಲಗೆ ನೇತುಹಾಕಿ, ಅದರ ಮೇಲೆ ‘ಇಲ್ಲಿಯವರೆಗೆ ಮಾರಾಟ: 1’ ಎಂದು ಸುಣ್ಣದ ಕಡ್ಡಿಯಲ್ಲಿ ಬರೆಸಿದ್ದರು. ಕೆಲವು ದಿನಕ್ಕೆ ಅದು ಎರಡಾಯಿತು. ಅಷ್ಟರಲ್ಲಿ ಗಂಗಾವತಿ ರಸ್ತೆಯಲ್ಲಿ ಇನ್ನೊಬ್ಬ ಅಂಗಡಿಯವನು ಬೇರೆ ಕಂಪನಿಯ ಕರಿ ಡಬ್ಬಿ ತಂದ. ಅವನೂ ಒಂದು ಹಲಗೆ ಹಾಕಿದ. ಅವನದು ಎರಡಾಯಿತು, ಐದಾಯಿತು, ಹದಿನಾಲ್ಕಾಯಿತು. ಸಾಹುಕಾರರ ಹಲಗೆ ಎರಡರಲ್ಲಿ ನಿಂತು ಬಿಸಿಲಿಗೆ ಮಾಸತೊಡಗಿತು. ಒಂದು ಮುಂಜಾನೆ ನೋಡಿದರೆ ಹಲಗೆಯನ್ನು ತೊಳೆದು, ಅದೇ ಮೊಳೆಗೆ ದೇವರ ಫೋಟೋ ತೂಗುಹಾಕಿ ಊದಿನಕಡ್ಡಿ ಹಚ್ಚಿದ್ದರು.

“ಹಲಗಿ ಯಾಕ ತಗದ್ರೀ ಸಾವ್ಕಾರ್ರ?” ಎಂದು ನಾನು ಕೇಳಿದೆ. ನನ್ನದು ಮಸ್ಕಿಯಲ್ಲಿ ಒಂದು ಸಣ್ಣ ಅಂಗಡಿ, ಸಾಮಾನಿಗೆಂದು ಸಿಂಧನೂರಿಗೆ ಬಂದಾಗಲೆಲ್ಲ ಅವರ ಬಳಿ ಕೂತು ಹೋಗುತ್ತಿದ್ದೆ.

“ಎಣಿಸಿ ಹೇಳಾವ್ರು ಸಣ್ಣ ಮಂದಿ ತಮ್ಮಾ,” ಎಂದರು. “ನಾವು ಯಾಪಾರ ಮಾಡಾವ್ರು. ಆಂವ ಹುಡುಗೂರಂಗ ಅಂಕಿ ಬರಕೋತ ಕುಂತಾನ.”

ಇದಾಗಿ ಸ್ವಲ್ಪ ದಿನಕ್ಕೆ ಅವರು ನನಗೆ ಫೋನು ಮಾಡಿ, ಜರೂರು ಕೆಲಸವಿದೆ, ಬಾ ಎಂದರು. ಮಸ್ಕಿಯಿಂದ ಬಸ್ಸು ಹತ್ತಿ ಹೋದೆ. ಮೊಬೈಲು ಚಾಚಿ ಒಂದು ಸುದ್ದಿ ತೋರಿಸಿದರು. ಹೊರದೇಶದಲ್ಲಿರುವ ಬಿಳಿ ಡಬ್ಬಿಯ ಕಂಪನಿಯವರೇ, ಇನ್ನುಮುಂದೆ ಎಷ್ಟು ಡಬ್ಬಿ ಮಾರಿದೆವೆಂದು ಹೇಳುವುದಿಲ್ಲ ಎಂದಿದ್ದರಂತೆ. ಸಾಹುಕಾರರ ಮುಖ ಮಗನ ನಿಶ್ಚಿತಾರ್ಥವಾದಂತೆ ಅರಳಿತ್ತು.

“ನೋಡಿದಿ? ನಾ ಹಲಗಿ ತಗದ ಮ್ಯಾಲ ಕಂಪನಿಯವ್ರಿಗೂ ಬುದ್ಧಿ ಬಂದೈತಿ.”

ಕಂಪನಿಯವರ ಕಾರಣವೂ ಅವರ ಕಾರಣವೂ ಒಂದೇ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಮುಂದಿರುವವನು ದಿನಾ ಬೆಳಿಗ್ಗೆ ಎದ್ದು ತನ್ನ ಅಂಕಿ ಒದರುತ್ತಾನೆ. ಹಿಂದೆ ಬಿದ್ದವನಿಗೆ ಇದ್ದಕ್ಕಿದ್ದಂತೆ ಅಂಕಿಯೆಂದರೆ ಅಗ್ಗದ ವಸ್ತುವಾಗಿಬಿಡುತ್ತದೆ. ಆದರೂ ಹೇಳದಿರುವುದರಲ್ಲಿ ಬರೀ ನಾಚಿಕೆ ಮಾತ್ರ ಇರಲಿಲ್ಲ, ಒಂದು ಲೆಕ್ಕಾಚಾರವೂ ಇತ್ತು. ಅದನ್ನು ಸಾಹುಕಾರರೇ ನನಗೆ ಬಿಡಿಸಿ ಹೇಳಿದರು.

“ಮದುವಿ ಊಟಕ್ಕ ಎಷ್ಟು ಮಂದಿ ಬಂದಾರ ಅಂತ ಬಾಗಲದಾಗ ನಿಂತು ಒದರ್ತಾರೇನು? ಬರೇ ಹತ್ತು ಮಂದಿ ಅದಾರ ಅಂದ್ರ ಹನ್ನೊಂದನೇದಾಂವ ಚಪ್ಪಲಿ ಬಿಡಂಗಿಲ್ಲ, ಹಂಗ ಹೊಳ್ಳಿ ಹೋಗ್ತಾನ. ಆಟ ಮಾಡಾ ಕಂಪನಿಯವ್ರೂ ಹಂಗ. ಯಾ ಡಬ್ಬಿ ಮಂದಿ ಮನ್ಯಾಗ ಬಾಳ ಐತಿ ನೋಡಿ ಅದಕ್ಕ ಆಟ ಮಾಡ್ತಾರ. ಕಡಿಮಿ ಐತಿ ಅಂತ ಗೊತ್ತಾದ್ರ ಆಟ ಮಾಡಂಗಿಲ್ಲ. ಆಟ ಇಲ್ಲಂದ್ರ ಡಬ್ಬಿ ಯಾರು ತೊಗೋತಾರ?”

ಮಾತು ಬರೋಬ್ಬರಿ ಇತ್ತು. ನಾನು ತಲೆಯಾಡಿಸಿದೆ. ಎಣಿಕೆ ತಿಳಿಯದೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಆ ಹನ್ನೊಂದನೆಯವನು ನಾನೇ ಆಗಲಿದ್ದೇನೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಅಂಕಿ ಬಿಟ್ಟ ಮೇಲೆ ಬಾಯಿ ಖಾಲಿ ಇಡಲಾಗುವುದಿಲ್ಲವಲ್ಲ. ಅದಕ್ಕೆ ಅವರು ಬೇರೆ ಅಳತೆ ಹುಡುಕಿಕೊಂಡರು. ‘ಎಷ್ಟು ಡಬ್ಬಿ ಅಂತ ಕೇಳಬ್ಯಾಡ, ಎಷ್ಟು ಮಂದಿ ಆಡಾಕತ್ತಾರ ಕೇಳು’ ಎನ್ನುತ್ತಿದ್ದರು. ಇದೂ ಕಂಪನಿಯವರದೇ ಪಾಠ. ಸಾಲಗುಂದದ ಭತ್ತದ ರೈತರೊಬ್ಬರ ಮನೆಗೆ ಒಂದು ಡಬ್ಬಿ ಹೋಗಿತ್ತು. ಆ ಮನೆಯ ಮಂದಿ, ಓಣಿಯ ಮಂದಿ, ಕಿಟಕಿಯಲ್ಲಿ ಇಣುಕಿದವರು, ಅಕ್ಕಿ ಆರಿಸುತ್ತ ಕೂತಲ್ಲೇ ಒಮ್ಮೆ ಟಿವಿ ಕಡೆ ಕತ್ತೆತ್ತಿ ‘ಇದೇನು ಗದ್ದಲ’ ಎಂದ ಮುದುಕಿ, ಎಲ್ಲರೂ ಸಾಹುಕಾರರ ಪಾಲಿಗೆ ಆಟಗಾರರು. ಸಾಲಗುಂದ ಅರ್ಧ ನಮ್ಮದೇ ಎಂದು ಏಜೆಂಟನಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಏಜೆಂಟ ಅದನ್ನು ಬರೆದುಕೊಂಡ. ಅವನ ಮೇಲಿನವರು ಏನು ಬರೆದುಕೊಂಡರೋ.

ಇನ್ನು ಲಿಂಗಸುಗೂರಿನ ಕಥೆ. ಅಲ್ಲಿ ಅವರ ತಂಗಿಯ ಗಂಡನ ಸೈಕಲ್ ಅಂಗಡಿಯಿತ್ತು. ಬಸ್ಸಿನ ಮೇಲೆ ನಾಲ್ಕಾರು ಡಬ್ಬಿ ಹೇರಿ ಅಲ್ಲಿಗೆ ಕಳಿಸುತ್ತಿದ್ದರು. ಆ ಬಸ್ಸು ಮಸ್ಕಿಯಲ್ಲಿ ನಿಂತೇ ಹೋಗಬೇಕು. ನನ್ನ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದ್ದುದರಿಂದ ಡಬ್ಬಿ ಪಡುವಣಕ್ಕೆ ಹೋಗುವುದು ನನಗೆ ಕಾಣುತ್ತಿತ್ತು. ಒಂದರ ಮೂಲೆ ಹರಿದು ಅದಕ್ಕೆ ಕೆಂಪು ಟೇಪು ಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅದೇ ಕೆಂಪು ಟೇಪಿನ ಡಬ್ಬಿ ಸಿಂಧನೂರಿನ ಕಡೆಗೆ ವಾಪಸ್ಸು ಬರುತ್ತಿತ್ತು. ಮತ್ತೆ ಹೋಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟೆ.

“ಸಾವ್ಕಾರ್ರ, ಲಿಂಗಸೂರಿಗೆ ಬಾಳ ಡಬ್ಬಿ ಹೋದವು ಅಂತೀರಿ. ನನಗ ಒಂದ ಡಬ್ಬಿ ಹೋಗಿ ಬಂದು ಮಾಡಿದಂಗ ಕಾಣ್ತೈತಿ.”

“ಹೋಗಿದ್ದು ಖರೇ ಐತಿಲ್ಲೋ?” ಎಂದರು, ಒಂದಿಷ್ಟೂ ಅಳುಕದೆ. “ಕಂಪನಿಯವ್ರೂ ಅಂಗಡಿಗೆ ಕಳಿಸಿದ್ದನ್ನ ಹೋದವು ಅಂತಾರ. ಮನಿಗೆ ಹೋದವೋ ಇಲ್ಲೋ ಅದು ಬ್ಯಾರೆ ಮಾತು.”

ಇಷ್ಟು ಕಂಡೂ ನಾನು ಅವರನ್ನು ನಂಬಿದೆ. ಹೇಗೆ ನಂಬಿದೆ ಎಂದರೆ, ನಂಬುವ ಅವಸರ ನನಗಿತ್ತು. ನನ್ನದು ಆಗ ಮಸ್ಕಿಯಲ್ಲಿ ಹಾಡು, ಸಿನಿಮಾ ಸೀಡಿ ಮಾರುವ ಅಂಗಡಿ. ಮೊಬೈಲು ಬಂದ ಮೇಲೆ ಸೀಡಿ ಕೇಳುವವರೇ ಇಲ್ಲ. ಆ ಹೊತ್ತಿಗೆ ಜವಳಗೇರಾದ ಅಕ್ಕಿ ಗಿರಣಿಯಲ್ಲಿ ಲಾರಿ ತೂಕ ಬರೆಯುವ ಗುಮಾಸ್ತನ ಕೆಲಸವೊಂದು ನನಗಾಗಿ ಕಾದಿತ್ತು. ಗಿರಣಿಯ ಮಾಲೀಕರು ನನ್ನ ಹೆಂಡತಿ ಶಾಂತಾಳ ಸೋದರಮಾವ. ‘ಒಂದು ವರ್ಷ ಜಾಗ ಖಾಲಿ ಇಟ್ಟಿರ್ತೀನಿ, ನಿನ್ನ ಅಂಗಡಿ ಹಣೇಬರಹ ನೋಡ್ಕೊಂಡು ಬಾ’ ಎಂದಿದ್ದರು. ನನಗೋ ಇನ್ನೊಬ್ಬರ ಕೈಕೆಳಗೆ ಕೂರುವುದೆಂದರೆ ಮೈಯೆಲ್ಲ ಉರಿ. ಅದಕ್ಕೆ ಒಂದು ಉಪಾಯ ಮಾಡಿದೆ. ಡಬ್ಬಿಯಲ್ಲಿ ಹಾಕಿ ಆಡುವ ಡಿಸ್ಕ್ ತುಟ್ಟಿ. ಅವನ್ನು ನಾನು ತರಿಸಿಟ್ಟು, ಸದಸ್ಯರನ್ನು ಮಾಡಿಕೊಂಡು, ವಾರದ ಬಾಡಿಗೆಗೆ ಕೊಡುವುದು. ಬಿಳಿಯ ಡಿಸ್ಕ್ ಕರಿಯದಕ್ಕೆ ನಡೆಯುವುದಿಲ್ಲ, ಕರಿಯದು ಬಿಳಿಯದಕ್ಕೆ ಆಗುವುದಿಲ್ಲ. ಎರಡನ್ನೂ ತರಿಸುವ ತಾಕತ್ತು ನನಗಿರಲಿಲ್ಲ. ಒಂದನ್ನು ಆರಿಸಬೇಕು. ಆರಿಸಲು ಬೇಕಾದದ್ದು ಒಂದೇ ಒಂದು ಅಂಕಿ.

ಗಂಗಾವತಿ ರಸ್ತೆಯವನ ಅಂಕಿ ಹಲಗೆಯ ಮೇಲೇ ಇತ್ತು. ಕಣ್ಣಿದ್ದವನು ಅದನ್ನು ಓದಿ ಕರಿ ಡಿಸ್ಕ್ ತರಿಸುತ್ತಿದ್ದ. ನಾನು ಸಾಹುಕಾರರ ಮುಂದೆ ಹೋಗಿ ಕೂತೆ.

“ಬಿಳಿ ಡಬ್ಬಿ ಎಷ್ಟು ಹೋಗ್ಯಾವ್ರೀ ಸಾವ್ಕಾರ್ರ?”

ಅವರು ಬಲಗೈ ಅಂಗೈಯನ್ನು ಫ್ಯಾನಿನ ಕಡೆ ಎತ್ತಿ ಮೆಲ್ಲಗೆ ತಿರುಗಿಸಿದರು. ಇದು ಅವರ ಸಹಿ ಇದ್ದಂತೆ, ಅಂಕಿ ಕೇಳಿದಾಗಲೆಲ್ಲ ಈ ಕೈ ಮೇಲೇಳುತ್ತಿತ್ತು.

“ಫಿಕರ್ ಮಾಡಬ್ಯಾಡ. ಸದಸ್ಯರನ್ನ ನಾ ಹಚ್ಚಿ ಕೊಡ್ತೀನಿ. ಸಿಂಧನೂರು ಮಂದಿ ಮಸ್ಕಿತನಕ ಬರಂಗಿಲ್ಲ, ನೀ ಶುಕ್ರವಾರ ಡಿಸ್ಕ್ ಬಸ್ಸಿಗೆ ಹಾಕು. ನನ್ನ ಅಂಗಡ್ಯಾಗಿಂದ ತೊಗೊಂಡು ಹೋಗ್ತಾರ. ಸೋಮವಾರ ನಾ ಬಸ್ಸಿಗೆ ಹಾಕ್ತೀನಿ.”

ನಾನು ಬಿಳಿ ಡಿಸ್ಕ್ ತರಿಸಿದೆ. ಹಾಗೆ ಶುರುವಾಯಿತು. ಪ್ರತಿ ಶುಕ್ರವಾರ ಬಟ್ಟೆಯ ಚೀಲದಲ್ಲಿ ಡಿಸ್ಕ್ ತುಂಬಿ, ಒಂದೊಂದಕ್ಕೂ ಸದಸ್ಯರ ಹೆಸರಿನ ಚೀಟಿ ಅಂಟಿಸಿ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ನಮ್ಮ ಕಡೆ ಬಸ್ಸಿನಲ್ಲಿ ಮಂದಿಗಿಂತ ಹೆಚ್ಚು ಸಾಮಾನು ಓಡಾಡುತ್ತವೆ, ಇದರಲ್ಲಿ ವಿಶೇಷವೇನಿಲ್ಲ. ನಾಲ್ವರು ಸದಸ್ಯರು ನನಗೆ ಮುಖ ಪರಿಚಯದವರು. ಮಸ್ಕಿಯ ಒಬ್ಬ ಡಾಕ್ಟರು, ಲಿಂಗಸುಗೂರಿನ ಒಬ್ಬ ಮಾಸ್ತರು, ಸಾಲಗುಂದದ ಆ ರೈತರು, ಸಿಂಧನೂರಿನ ಒಬ್ಬ ಕಿರಾಣಿ ವ್ಯಾಪಾರಿ. ಈ ನಾಲ್ವರು ಫೋನಿನಲ್ಲಿ ಜಗಳವಾಡುತ್ತಿದ್ದರು, ಡಿಸ್ಕಿಗೆ ಚಟ್ನಿ ಮೆತ್ತಿ ಕಳಿಸುತ್ತಿದ್ದರು, ಎರಡೆರಡು ವಾರ ಇಟ್ಟುಕೊಳ್ಳುತ್ತಿದ್ದರು. ಸಾಹುಕಾರರು ಹಚ್ಚಿಕೊಟ್ಟವರು ಇನ್ನೂ ಐವರು. ಅವರನ್ನು ನಾನು ಕಂಡಿರಲಿಲ್ಲ. ಅವರ ಡಿಸ್ಕ್ ಬಾಡಿಗೆ ಸಮೇತ ಸೋಮವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದವು. ಗೀರಿಲ್ಲ, ಬೆರಳಿನ ಗುರುತಿಲ್ಲ. ‘ನೋಡು, ಸಿಂಧನೂರು ಮಂದಿಯ ಶಿಸ್ತು ಹೆಂಗೈತಿ’ ಎಂದು ನಾನು ಶಾಂತಾಳ ಮುಂದೆ ಹೊಗಳಿದ್ದೇನೆ. ಆಕೆ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ, “ಇವ್ರು ಆಡ್ತಾರೋ, ಪೂಜಿ ಮಾಡ್ತಾರೋ?” ಎಂದಳು. ಹೆಂಗಸರಿಗೆ ವ್ಯಾಪಾರ ತಿಳಿಯದು ಎಂದು ನಾನು ನಕ್ಕೆ. ಇಂಥ ಶಾಣ್ಯಾತನ ನನ್ನದು.

ವರ್ಷ ತುಂಬಲು ಬಂತು. ಜವಳಗೇರಾದಿಂದ ಮಾವನವರು ಹೇಳಿ ಕಳಿಸಿದರು. ಈ ತಿಂಗಳು ಬರುತ್ತಾನೋ ಇಲ್ಲವೋ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ. ಒಂಬತ್ತು ಮಂದಿ ಸದಸ್ಯರಿಂದ ಅಂಗಡಿ ಕುಂಟುತ್ತ ನಡೆದಿತ್ತು, ಅತ್ತ ಸಾಯದು ಇತ್ತ ಏಳದು. ನಾನು ಸಿಂಧನೂರಿಗೆ ಹೋದೆ. ಅಂದು ಸಾಹುಕಾರರ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಳದಿ ಬಟ್ಟೆ ಹಿಡಿದು ಡಬ್ಬಿಗಳ ಧೂಳು ಒರೆಸುತ್ತಿದ್ದರು. ನಾನು ಗಿರಣಿಯ ಕೆಲಸದ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

“ಸಾವ್ಕಾರ್ರ, ಇವತ್ತ ಕೈ ತಿರುಗಿಸಬ್ಯಾಡ್ರಿ. ಮೂರು ತಾಲೂಕಿನಾಗ ಖರೇ ಎಷ್ಟು ಹೋಗ್ಯಾವು ಹೇಳ್ರಿ. ಇಪ್ಪತ್ತರ ಮ್ಯಾಲ ಇದ್ರ ನಾ ಅಂಗಡಿ ಇಡ್ತೀನಿ. ಇಲ್ಲಂದ್ರ ನಾಳಿಗೇ ಜವಳಗೇರಾಕ್ಕ ಹೋಗ್ತೀನಿ. ನನ್ನ ಹೆಂಡ್ತಿ ಬಸುರಿ ಅದಾಳ.”

ಅವರು ಒರೆಸುವುದನ್ನು ನಿಲ್ಲಿಸಿದರು. ಒಂದು ಡಬ್ಬಿಯನ್ನು ಎತ್ತಿ, ಅದೇ ಜಾಗದಲ್ಲಿ ಮತ್ತೆ ಇಟ್ಟರು. ರಸ್ತೆಯಲ್ಲಿ ಹೋಗುತ್ತಿದ್ದ ಭತ್ತದ ಟ್ರ್ಯಾಕ್ಟರನ್ನು ಅದು ಮರೆಯಾಗುವ ತನಕ ನೋಡಿದರು. ಹೇಳುತ್ತಾರೆ ಎಂದೇ ನನಗನಿಸಿತು.

“ಬೆಳ್ಯಾಕತ್ತೈತಿ ತಮ್ಮಾ,” ಎಂದರು.

ಮುಂದಿನ ವಾರವೇ ಸಾಹುಕಾರರಿಂದ ಇಬ್ಬರು ಹೊಸ ಸದಸ್ಯರ ಹೆಸರು ಬಂತು. ಹನ್ನೊಂದಾಯಿತು. ಬೆಳೆಯುತ್ತಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ನಾನು ಜವಳಗೇರಾಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಮಾವನವರು ಬೇರೆಯವರನ್ನು ತೆಗೆದುಕೊಂಡರು. ಆ ಮನುಷ್ಯ ಈಗ ಅಲ್ಲಿ ಮ್ಯಾನೇಜರು, ಗಿರಣಿಯ ಹಿಂದೆಯೇ ಮನೆ ಕಟ್ಟಿಸಿದ್ದಾನೆ. ನನ್ನ ಅಂಗಡಿ ಇನ್ನೂ ಒಂದೂವರೆ ವರ್ಷ ಎಳೆದಾಡಿತು. ಆಮೇಲೆ ಡಿಸ್ಕೇ ಬೇಡದ ಡಬ್ಬಿಗಳು ಬಂದವು, ಆಟವೆಲ್ಲ ಇಂಟರ್ನೆಟ್ಟಿನಿಂದಲೇ ಇಳಿಯತೊಡಗಿತು, ನನ್ನ ಸದಸ್ಯರು ಒಬ್ಬೊಬ್ಬರಾಗಿ ಬಿಟ್ಟರು. ಸಿಂಧನೂರಿನ ಆ ಏಳು ಮಂದಿ ಮಾತ್ರ ಕೊನೆಯ ಸೋಮವಾರದವರೆಗೂ ಬಿಡಲಿಲ್ಲ. ಈಗ ಅದೇ ಮಳಿಗೆಯಲ್ಲಿ ಜೆರಾಕ್ಸ್ ಮಾಡುತ್ತೇನೆ, ಮೊಬೈಲ್ ರೀಚಾರ್ಜ್ ಮಾಡುತ್ತೇನೆ.

ಸಾಹುಕಾರರು ಹೋದ ಐದನೆಯ ದಿನ ಮಾತಾಡಿಸಿ ಬರಲು ಅವರ ಮನೆಗೆ ಹೋದೆ. ಪಡಸಾಲೆಯ ತುಂಬ ಜನ. ಬಂದವರೆಲ್ಲ ಸತ್ತವರನ್ನು ಹೊಗಳುತ್ತಿದ್ದರು. ಮೂರು ತಾಲೂಕಿಗೆ ಮೊದಲು ಡಬ್ಬಿ ತೋರಿಸಿದವರು, ಊರೂರಿಗೆ ಹಂಚಿದವರು, ನೂರಾರು ಮನೆ. ಒಬ್ಬರು ನೂರಾರು ಎಂದರೆ ಪಕ್ಕದವರು ಸಾವಿರ ಎಂದರು. ಯಾರೂ ಅಂಕಿ ಹೇಳದೆ ಬಿಟ್ಟದ್ದರ ಲಾಭ ಅದು, ಯಾರು ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಜನ ಕರಗಿದ ಮೇಲೆ ಸಾಹುಕಾರರ ಹೆಂಡತಿ ನನ್ನನ್ನು ಕರೆದು ಕೂರಿಸಿ ಚಹಾ ತರಿಸಿದರು. ಅವರ ಜೊತೆ ನಾನು ಹೆಚ್ಚು ಮಾತಾಡಿದವನಲ್ಲ. ತೆಳ್ಳಗಿನ, ಸುಮ್ಮನಿರುವ ಹೆಂಗಸು.

“ಬಾಳ ಮಂದಿ ಬಂದಾರ ಯಪ್ಪಾ,” ಎಂದರು. “ನಾಕು ಡಬ್ಬಿ ಮಾರಿದ್ದಕ್ಕ ಇಷ್ಟು ಮಂದಿ.”

“ನಾಕಲ್ರೀ ಅಮ್ಮಾರ,” ಎಂದೆ. “ಹನ್ನೊಂದು ಮಂದಿ ನನ್ನ ಕಡೇನ ಇದ್ರು.”

“ನಾಕ. ಒಂದು ಹೋದ ದಿನ ಮನಿಗೆ ಪೇಡೆ ತರತಿದ್ರು. ನಾಕು ಸರ್ತಿ ತಂದಾರ. ಆಮ್ಯಾಲ ತರಲಿಲ್ಲ.”

ಚಹಾದ ಕಪ್ಪು ಕೆಳಗಿಟ್ಟು ಬೆರಳು ಮಡಿಸಿ ಎಣಿಸಿದೆ. ಡಾಕ್ಟರು, ಮಾಸ್ತರು, ರೈತರು, ಕಿರಾಣಿ ವ್ಯಾಪಾರಿ. ನಾಲ್ಕು. ಹಾಗಾದರೆ ಉಳಿದ ಏಳು ಯಾರು ಎಂದು ಕೇಳಿದೆ. ನನ್ನ ಬಟ್ಟೆಯ ಚೀಲದ ವಿಷಯ ಹೇಳಿದೆ.

“ಆ ಚೀಲೇನು? ಪ್ರತಿ ವಾರ ಬರತಿತ್ತಲ್ಲ. ಅಂಗಡ್ಯಾಗ ಒಂದೆರಡು ಕೊಟ್ಟು, ಉಳಿದಿದ್ದನ್ನ ಚೀಲದ ಸಮೇತ ತಂದು ಅಲ್ಲಿ ಗ್ವಾಡಿ ಗೂಟಕ್ಕ ತೂಗುಹಾಕ್ತಿದ್ರು. ಸೋಮವಾರ ಮುಂಜಾನಿ ತೊಗೊಂಡು ಹೋಗ್ತಿದ್ರು. ಬಿಚ್ಚಿದ್ದು ನಾ ಕಂಡಿಲ್ಲ. ಇವು ಯಾಕ ಅಂತ ಕೇಳಿದ್ರ, ಆ ಮಸ್ಕಿ ತಮ್ಮನ ಅಂಗಡಿ ನಡೀಲಿ ಅಂದ್ರು. ಬಾಡಿಗಿನೂ ತಾವ ಕೊಡತಿದ್ರು.”

ಏಳು ಹೆಸರಿನ ಸದಸ್ಯನಾಗಿ, ಆಡದ ಆಟಕ್ಕೆ ಎರಡೂವರೆ ವರ್ಷ ಬಾಡಿಗೆ ಕೊಟ್ಟ ಮನುಷ್ಯನನ್ನು ಏನೆಂದು ಬೈಯುವುದು? ಬೇರೆ ಯಾರಾದರೂ ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು. ಮೊದಲು ನಾಚಿಕೆಯಿಂದ ಮುಚ್ಚಿಟ್ಟರು, ಅದನ್ನು ನಾನು ಕ್ಷಮಿಸಬಲ್ಲೆ. ಆಮೇಲೆ ಕರುಣೆಯಿಂದ ಮುಚ್ಚಿಟ್ಟರು, ಅದು ನನ್ನನ್ನು ಮುಳುಗಿಸಿತು. ಆ ಇಬ್ಬರು ಹೊಸ ಸದಸ್ಯರು ಬಂದ ವಾರವೇ ನಾನು ಜವಳಗೇರಾ ಬಿಟ್ಟುಕೊಟ್ಟೆ. ನಾಲ್ಕು ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನಾನು ಮರುದಿನವೇ ಬಸ್ಸು ಹತ್ತುತ್ತಿದ್ದೆ.

“ನಿನ್ನ ಮ್ಯಾಲ ಬಾಳ ಜೀವ ಇತ್ತು ಅವರದು,” ಎಂದರು ಆಕೆ. “ನಿನ್ನ ಅಂಗಡಿ ಮುಚ್ಚಬಾರ್ದು ಅಂತ ಮಾಡ್ಯಾರ.”

“ಗೊತ್ತಾತ್ರೀ ಅಮ್ಮಾರ,” ಎಂದೆ. “ಅದು ಮುಚ್ಚಬೇಕಿತ್ರಿ.”

ಮತ್ತೆ ಎಲ್ಲವನ್ನೂ ಹೇಳಿದೆ. ಗಿರಣಿಯ ಕೆಲಸ, ಒಂದು ವರ್ಷದ ಗಡುವು, ನಾನು ಬಂದು ಕೇಳಿದ್ದು, ಟ್ರ್ಯಾಕ್ಟರು ಹೋಗುವ ತನಕ ಅವರು ಸುಮ್ಮನಿದ್ದದ್ದು. ಆಕೆ ಸೆರಗಿನ ತುದಿ ಹಿಡಿದುಕೊಂಡು ಪೂರ್ತಿ ಕೇಳಿದರು. ಗಂಡನ ಪರವಾಗಿ ಏನಾದರೂ ಹೇಳುತ್ತಾರೆಂದು ಕಾದೆ. ಆಕೆ ಚೀಲ ತೂಗುಹಾಕುತ್ತಿದ್ದ ಗೋಡೆಯ ಗೂಟದ ಕಡೆ ನೋಡಿದರು.

“ಅಷ್ಟು ಕೇಳಿದಿ,” ಎಂದರು ಕೊನೆಗೆ. “ಹೇಳಬೇಕಿತ್ತು ಅವ್ರು.”